ಓದುಗರ ಪ್ರಶ್ನೆ: ಒಂದು ಬೆಡ್‌ರೂಮ್ ಮನೆಯಲ್ಲಿ ಆಲ್-ಗ್ರೇನ್ ಬಿಯರ್ ಮಾಡಲು ಏನೇನು ಕೊಳ್ಳಬೇಕು?

ಪ್ರಶ್ನೆ: ಎಕ್ಸ್‌ಟ್ರ್ಯಾಕ್ಟ್ ಕಿಟ್‌ನಿಂದ, ಅಂದರೆ ಮಾಲ್ಟಿನ ಸಿದ್ಧ ಸಾರದಿಂದ, ಮೂರು ಸಲ ಬಿಯರ್ ಮಾಡಿದ್ದೇನೆ. ಈಗ ಬಾರ್ಲಿ ಮಾಲ್ಟ್‌ನಿಂದಲೇ, ಅಂದರೆ ಆಲ್-ಗ್ರೇನ್ ಆಗಿ, ಮಾಡುವ ಆಸೆ. ನಾವಿರುವುದು ಅಮೆರಿಕದಲ್ಲಿ, ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ಬಾಲ್ಕನಿಯಲ್ಲಿ ಗ್ಯಾಸ್ ಬರ್ನರ್ ಹಚ್ಚುವಂತಿಲ್ಲ. ಮೂರು ಪಾತ್ರೆಯ ಸೆಟ್, ಕರೆಂಟಿನ ಮೆಷಿನ್, ಬಟ್ಟೆ ಚೀಲ, ಇವುಗಳಲ್ಲಿ ಯಾವುದನ್ನು ಕೊಳ್ಳಲಿ?

ಉತ್ತರ: ಬಟ್ಟೆ ಚೀಲವನ್ನೇ ಕೊಳ್ಳಿ. ಮಾಲ್ಟನ್ನು ಅದರಲ್ಲಿ ಹಾಕಿ ಬಿಸಿ ನೀರಿನಲ್ಲಿ ನೆನೆಸಿ, ಚೀಲ ಎತ್ತಿ ಹಿಂಡಿ, ಉಳಿದ ಸಿಹಿ ನೀರನ್ನು ಅದೇ ಪಾತ್ರೆಯಲ್ಲಿ ಕುದಿಸುವುದು. ಅದರ ಜೊತೆಗೆ 19 ಲೀಟರಿನ ಒಂದು ಪಾತ್ರೆ. ಒಂದು ಸಲಕ್ಕೆ 9 ಲೀಟರ್ ಬಿಯರ್ ಮಾಡಿ, ಸಾಕು. ಕೈಯಲ್ಲಿ ಉಳಿಯುವ ದುಡ್ಡನ್ನು ಬಿಯರ್ ಹುದುಗುವಾಗ ಅದನ್ನು ತಂಪಾಗಿಡುವುದಕ್ಕೆ ಇಟ್ಟುಕೊಳ್ಳಿ. ಚಿಕ್ಕ ಮನೆಯಲ್ಲಿ ಒಲೆ ಮುಂದೆ ಕೆಡುವುದಕ್ಕಿಂತ ಆಮೇಲಿನ ಎರಡು ವಾರದಲ್ಲಿ ಬಿಯರ್ ಕೆಡುವುದೇ ಜಾಸ್ತಿ.

ಅಮೆರಿಕದ ಹೆಚ್ಚಿನ ರೆಸಿಪಿಗಳು 5 ಗ್ಯಾಲನ್‌ಗೆ ಬರೆದಿರುತ್ತವೆ. ಅಂದರೆ 19 ಲೀಟರ್. ಅಂಗಡಿಯವರು ಮಾರುವ ಸೆಟ್ಟೂ ಅದೇ ಅಳತೆಯದು. ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. 30 ಲೀಟರಿನ ಪಾತ್ರೆ ತಂದೆ, 25 ಲೀಟರ್ ನೀರು ತುಂಬಿ ಅಪಾರ್ಟ್‌ಮೆಂಟಿನ ಕಾಯಿಲ್ ಒಲೆಯ ಮೇಲೆ ಇಟ್ಟೆ. ಕಾಯಲು ಎರಡು ಗಂಟೆಗೂ ಮೇಲೆ ಹಿಡಿಯಿತು. ಮುಚ್ಚಳ ತೆಗೆದ ಕೂಡಲೇ ಕುದಿ ನಿಂತುಹೋಗುತ್ತಿತ್ತು. ಬಿಯರಿಗೆ ಮುಚ್ಚಳ ತೆಗೆದೇ ಗಂಟೆ ಹೊತ್ತು ಚೆನ್ನಾಗಿ ಕುದಿಯಬೇಕು. ಆಗಲೇ ಹಾಪ್ಸ್ ಅನ್ನುವ ಹೂವಿನ ಕಹಿ ಇಳಿಯುವುದು, ಬೇಯಿಸಿದ ಜೋಳದಂಥ ಬೇಡದ ವಾಸನೆ ಆವಿಯ ಜೊತೆ ಹೋಗುವುದು. ಕೊನೆಗೆ ಅಷ್ಟು ಬಿಸಿ ನೀರಿನ ಪಾತ್ರೆಯನ್ನು ಎತ್ತಿ ಸಿಂಕಿಗೆ ಒಯ್ಯುವಾಗ ಹೆದರಿಕೆಯಾಯಿತು. ಆ ಪಾತ್ರೆಯನ್ನು ಆಮೇಲೆ ಬಿಯರಿಗೆ ಬಳಸಲಿಲ್ಲ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ನಿಮ್ಮ ಒಲೆಯನ್ನು ಪರೀಕ್ಷೆ ಮಾಡಿ. ಯಾರ ಮನೆಯಿಂದಲಾದರೂ ಬಿಸಿಬೇಳೆಬಾತ್ ಮಾಡುವ ದೊಡ್ಡ ಪಾತ್ರೆ ಕೇಳಿ ತನ್ನಿ. ಕನ್ನಡ ಬಳಗದವರು ಇದ್ದ ಕಡೆ ಅಂಥ ಒಂದು ಪಾತ್ರೆ ಇದ್ದೇ ಇರುತ್ತದೆ. ಅದರಲ್ಲಿ 12 ಲೀಟರ್ ನೀರು ಹಾಕಿ, ದೊಡ್ಡ ಬರ್ನರಿನ ಮೇಲೆ ಮುಚ್ಚಿಡಿ. ಕುದಿ ಬರಲು ಎಷ್ಟು ನಿಮಿಷ ಬೇಕಾಯಿತು ಅಂತ ಬರೆದಿಡಿ. ಆಮೇಲೆ ಮುಚ್ಚಳ ತೆಗೆದು ಒಂದು ಗಂಟೆ ಕುದಿಸಿ. ಮರದ ಸೌಟಿನ ಹಿಡಿಗೆ ಮೊದಲೇ ಗುರುತು ಹಾಕಿಟ್ಟರೆ ಎಷ್ಟು ನೀರು ಆವಿಯಾಗಿ ಆರಿತು ಅನ್ನುವುದು ಗೊತ್ತಾಗುತ್ತದೆ. ಸಾಮಾನ್ಯವಾಗಿ 2ರಿಂದ 3 ಲೀಟರ್ ಆರುತ್ತದೆ. ಮುಚ್ಚಳ ತೆಗೆದ ಮೇಲೂ ನೀರು ಕೊತಕೊತ ಕುದಿಯುತ್ತಿದ್ದರೆ ಒಲೆ ಸಾಕು. ಬರೀ ಗುಳ್ಳೆ ಏಳುತ್ತಿದ್ದರೆ ಅಳತೆಯನ್ನು ಇನ್ನೂ ಇಳಿಸಿ. ಒಂದು ಗ್ಯಾಲನ್, ಅಂದರೆ 3.8 ಲೀಟರ್ ಬಿಯರ್ ಮಾಡಿದರೂ ಕಲಿಯುವುದು ಅಷ್ಟೇ ಇರುತ್ತದೆ.

ಪಾತ್ರೆ 19 ಲೀಟರೇ ಯಾಕೆ? ಈ ಲೆಕ್ಕ ಒಮ್ಮೆ ತಿಳಿದರೆ ಬೇರೆಯವರನ್ನು ಕೇಳಬೇಕಾಗಿಲ್ಲ. ಕೊನೆಗೆ ನಿಮಗೆ 9 ಲೀಟರ್ ಬೇಕು. ಪಾತ್ರೆಯ ತಳದಲ್ಲಿ ಗಸಿ ಜೊತೆ ಒಂದು ಲೀಟರ್ ಉಳಿಯುತ್ತದೆ. ಕುದಿಯಲ್ಲಿ ಎರಡೂವರೆ ಲೀಟರ್ ಆರುತ್ತದೆ. ಸುಮಾರು 5 ಪರ್ಸೆಂಟ್ ಆಲ್ಕೋಹಾಲಿನ ಬಿಯರಿಗೆ 2.2 ಕೆಜಿ ಮಾಲ್ಟ್ ಬೇಕು. ಚೀಲವನ್ನು ಹಿಂಡಿದ ಮೇಲೂ ಅದು ಒಂದೂವರೆ ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಟ್ಟು 14 ಲೀಟರ್ ನೀರು. ಅದರಲ್ಲಿ ಮಾಲ್ಟ್ ಸುರಿದರೆ ಮಟ್ಟ ಇನ್ನೊಂದೂವರೆ ಲೀಟರ್ ಏರುತ್ತದೆ. 15.5 ಲೀಟರ್ ಆಯಿತು. ಕಲಕಲು ಜಾಗ ಬೇಕು, ಕುದಿ ಬರುವಾಗ ಹಾಲಿನಂತೆ ಉಕ್ಕಿ ಬರುವ ನೊರೆಗೂ ಜಾಗ ಬೇಕು. 19 ಲೀಟರಿನ ಪಾತ್ರೆಯಲ್ಲಿ ಇದೆಲ್ಲ ಆರಾಮಾಗಿ ಹಿಡಿಯುತ್ತದೆ. ಮನೆಯಲ್ಲಿ 15 ಲೀಟರಿನದು ಆಗಲೇ ಇದ್ದರೆ ಹೊಸದು ಬೇಡ. ಮೂರು ಲೀಟರ್ ನೀರನ್ನು ಬೇರೆ ತೆಗೆದಿಟ್ಟು, ಕೊನೆಯಲ್ಲಿ ಚೀಲದ ಮೇಲೆ ಸುರಿದು ತೊಳೆದರಾಯಿತು. ಇಂಡಕ್ಷನ್ ಒಲೆ ಇದ್ದರೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟುತ್ತದಾ ಅಂತ ನೋಡಿಕೊಳ್ಳಿ. ಗಾಜಿನ ಮೇಲ್ಮೈಯ ಒಲೆಯಾದರೆ ಎಷ್ಟು ಭಾರ ತಡೆಯುತ್ತದೆ ಅಂತ ಅದರ ಪುಸ್ತಕದಲ್ಲಿ ನೋಡಿ.

ಇನ್ನು ಚೀಲ. ಈ ಪದ್ಧತಿಯನ್ನು ಬೆಳೆಸಿದವರು ಆಸ್ಟ್ರೇಲಿಯಾದ ಮನೆ ಬ್ರೂವರ್‌ಗಳು, 2000ರ ದಶಕದಲ್ಲಿ. ಅದಕ್ಕೂ ಮೊದಲು ಆಲ್-ಗ್ರೇನ್ ಅಂದರೆ ನೀರು ಕಾಯಿಸಲು ಒಂದು ಪಾತ್ರೆ, ಮಾಲ್ಟ್ ನೆನೆಸಲು ಒಂದು, ಕುದಿಸಲು ಒಂದು ಅಂತಿತ್ತು. ಅವರು ಮಾಲ್ಟನ್ನು ಬಟ್ಟೆಯಲ್ಲಿ ಕಟ್ಟಿ ಒಂದೇ ಪಾತ್ರೆಯಲ್ಲಿ ಕೆಲಸ ಮುಗಿಸಿದರು. ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಾಲ್ಟ್ ಅಂದರೇನು ಅನ್ನುವುದೂ ಅಷ್ಟೇ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ನಮ್ಮ ಅಜ್ಜಿಯರ ಕಾಲದಿಂದ ಇದೆ ಅಲ್ವಾ? ಮೊಳಕೆ ಬಂದ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ಬಾರ್ಲಿ ಮಾಲ್ಟನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟಾಗ ಆಗುವುದೂ ಅದೇ. 65ರ ಹತ್ತಿರ ಇಟ್ಟರೆ ಬಿಯರ್ ಹಗುರ, 68ರ ಹತ್ತಿರ ಇಟ್ಟರೆ ಬಾಯಿ ತುಂಬುವಂತೆ ಗಟ್ಟಿ.

ಚೀಲ ಪಾತ್ರೆಯ ಒಳಗೋಡೆಗೆ ತಾಗುವಷ್ಟು ದೊಡ್ಡದಿರಲಿ. ತೆಳು ಕರ್ಟನ್ ಬಟ್ಟೆಯಂಥ ಪಾಲಿಯೆಸ್ಟರ್ ಜಾಲರಿ ಒಳ್ಳೆಯದು. ಹೊಲಿಗೆ ಬರುವವರು ಮನೆಯಲ್ಲೇ ಹೊಲಿಯಬಹುದು. ತಳದಲ್ಲಿ ಇಡ್ಲಿ ಪಾತ್ರೆಯ ತೂತಿನ ತಟ್ಟೆ ಇಡಿ, ಇಲ್ಲದಿದ್ದರೆ ಒಲೆ ಉರಿಯುವಾಗ ಬಟ್ಟೆ ತಳಕ್ಕೆ ತಾಗಿ ಕರಗುತ್ತದೆ. 14 ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಿ ಮಾಲ್ಟ್ ಹಾಕಿದರೆ ಅದು 67ಕ್ಕೆ ಇಳಿದು ನಿಲ್ಲುತ್ತದೆ. ಒಲೆ ಆರಿಸಿ, ಪಾತ್ರೆಗೆ ಹಳೇ ಕಂಬಳಿ ಸುತ್ತಿಬಿಡಿ. ಒಂದು ಗಂಟೆಯಲ್ಲಿ ಒಂದೆರಡು ಡಿಗ್ರಿ ಇಳಿದರೆ ಚಿಂತೆಯಿಲ್ಲ. ಒಂದು ಒಳ್ಳೆಯ ಡಿಜಿಟಲ್ ಥರ್ಮಾಮೀಟರ್ ಮಾತ್ರ ಬೇಕೇ ಬೇಕು. ಮಾಲ್ಟ್ ಒಡೆಯುವ ಮಿಲ್ ಈಗ ಬೇಡ. ಅಂಗಡಿಯವರೇ ಒಡೆದು ಕೊಡುತ್ತಾರೆ. ಚೀಲಕ್ಕೆ ಅಂತ ಹೇಳಿ ಸ್ವಲ್ಪ ಸಣ್ಣಗೆ ಒಡೆಸಿ.

ಕರೆಂಟಿನ ಮೆಷಿನ್‌ಗಳು ಕೆಟ್ಟವಲ್ಲ. ಬಿಸಿಯನ್ನು ತಾವೇ ಹಿಡಿದಿಡುತ್ತವೆ, ಒಲೆ ಖಾಲಿ ಇರುತ್ತದೆ. ಆದರೆ ಅಮೆರಿಕದ ಮನೆಗಳ ಸಾಮಾನ್ಯ ಪ್ಲಗ್ 120 ವೋಲ್ಟಿನದು. 15 ಆಂಪ್ ಅಂದರೂ 1800 ವ್ಯಾಟ್ ದಾಟುವಂತಿಲ್ಲ. ಇಂಗ್ಲೆಂಡಿನಲ್ಲಿ ಒಂದು ಪ್ಲಗ್ಗಿನಿಂದ 3000 ವ್ಯಾಟ್ ಸಿಗುತ್ತದೆ. ಅಲ್ಲಿನ ಜನ ಹೊಗಳುವ 30 ಲೀಟರಿನ ಮೆಷಿನ್ ನಿಮ್ಮ ಅಡುಗೆಮನೆಯಲ್ಲಿ ತೆವಳುತ್ತದೆ. ಮೇಲಾಗಿ ಅದನ್ನು ಇಡುವುದೆಲ್ಲಿ? ಪಾತ್ರೆಯಾದರೆ ಅದರೊಳಗೆ ಬಕೆಟ್, ಚೀಲ, ಪೈಪು ಎಲ್ಲ ತುಂಬಿ ಬೀರುವಿನ ಮೇಲೆ ಇಡಬಹುದು. ಒಂದು ವರ್ಷ ಬ್ರೂ ಮಾಡಿದ ಮೇಲೂ ಬೇಕು ಅನ್ನಿಸಿದರೆ ಆಗ ಕೊಳ್ಳಿ.

ಆವಿಯ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಎರಡೂವರೆ ಲೀಟರ್ ನೀರು ಆವಿಯಾಗಿ ನಿಮ್ಮ ಮನೆಯೊಳಗೇ ಸೇರುತ್ತದೆ. ಅಮೆರಿಕದ ತುಂಬಾ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಬಿಡುವುದಿಲ್ಲ, ತಿರುಗಿ ಒಳಗೇ ಊದುತ್ತದೆ. ಒಗ್ಗರಣೆ ಹಾಕಿದಾಗ ಅಲಾರಂ ಕೂಗುವ ಮನೆಯಾದರೆ ನಿಮಗೆ ಇದು ಗೊತ್ತಿರುತ್ತದೆ. ಚಳಿಗಾಲದಲ್ಲಿ ಕಿಟಕಿ ಗಾಜಿನಿಂದ ನೀರು ಇಳಿಯುತ್ತದೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಚಳಿ ಇದ್ದರೂ ಒಂದು ಕಿಟಕಿ ತೆಗೆದು, ಅದರ ಕಡೆ ಮುಖ ಮಾಡಿ ಟೇಬಲ್ ಫ್ಯಾನ್ ಇಡಿ.

ಕುದಿದದ್ದನ್ನು ಆರಿಸಲು ತಣ್ಣೀರು ಹರಿಸುವ ತಾಮ್ರದ ಸುರುಳಿ ಬೇಡ. ಈ ಅಳತೆಗೆ ಸಿಂಕಿನ ತುಂಬ ತಣ್ಣೀರು, ಎರಡು ಚೀಲ ಐಸ್ ಸಾಕು. ಮೊದಲು ಬರೀ ನೀರಿನಲ್ಲಿ ಬಿಸಿ ಇಳಿಸಿ, ನೀರನ್ನು ಒಂದೆರಡು ಸಲ ಬದಲಿಸಿ, ಆಮೇಲೆ ಐಸ್ ಹಾಕಿ. ಮುಕ್ಕಾಲು ಗಂಟೆಯ ಹೊತ್ತಿಗೆ 20 ಡಿಗ್ರಿಯ ಹತ್ತಿರ ಬರುತ್ತದೆ. ನಿಮ್ಮ ಸಿಂಕಿನಲ್ಲಿ ಪಾತ್ರೆ ಕೂರುತ್ತದಾ ಅಂತ ಕೊಳ್ಳುವ ಮೊದಲೇ ಅಳೆದು ನೋಡಿ.

ಈಗ ನಿಜವಾಗಿ ದುಡ್ಡು ಹಾಕಬೇಕಾದ ಜಾಗ. ಯೀಸ್ಟ್ ಹಾಕಿದ ಮೇಲಿನ ಮೊದಲ ಮೂರು ದಿನ ಬಿಯರಿನ ರುಚಿಯನ್ನು ಗೊತ್ತುಮಾಡುತ್ತವೆ. ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿಯಾಗುತ್ತದೆ. ಕೋಣೆಯಲ್ಲಿ 22 ಡಿಗ್ರಿ ಇದ್ದರೆ ಬಿಯರ್ ಹುದುಗುವ ಬಕೆಟ್ಟಿನ ಒಳಗೆ 25 ಇರಬಹುದು. ಏಲ್ ಅನ್ನುವ ಬಗೆಯ ಬಿಯರಿಗೆ ಹಾಕುವ ಸಫೇಲ್ ಯುಎಸ್-05ರಂಥ ಯೀಸ್ಟಿಗೆ 18ರಿಂದ 20 ಡಿಗ್ರಿ ಚೆನ್ನ. ಅದಕ್ಕಿಂತ ಬಿಸಿ ಏರಿದರೆ ಬಾಳೆಹಣ್ಣಿನ ವಾಸನೆ, ಇನ್ನೂ ಏರಿದರೆ ನೇಲ್ ಪಾಲಿಶ್ ರಿಮೂವರಿನಂಥ ಘಾಟು. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ರಾತ್ರಿಯೇ ಉಕ್ಕಿ ಹುಳಿಯಾಗುತ್ತದಲ್ಲ, ಇಲ್ಲಿಯೂ ಬಿಸಿಯದೇ ಆಟ. ವ್ಯತ್ಯಾಸ ಅಂದರೆ ಇಡ್ಲಿ ಹಿಟ್ಟನ್ನು ಬೆಳಗ್ಗೆ ಫ್ರಿಜ್ಜಿಗೆ ಇಡಬಹುದು, ಒಮ್ಮೆ ಕೆಟ್ಟ ಬಿಯರನ್ನು ಸರಿಮಾಡಲು ಆಗುವುದಿಲ್ಲ.

ಅಗ್ಗದ ಉಪಾಯ ಇದೆ. ಒಂದು ಅಗಲವಾದ ಪ್ಲಾಸ್ಟಿಕ್ ಟಬ್‌ನಲ್ಲಿ ಬಕೆಟ್ ಇಟ್ಟು ಅರ್ಧದವರೆಗೆ ನೀರು ತುಂಬಿ. ಫ್ರೀಜರಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿಯನ್ನು ಬೆಳಗ್ಗೆ ಒಂದು, ಸಂಜೆ ಒಂದು ಹಾಕಿ. ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ನಾನು ಎರಡು ಬೇಸಿಗೆ ಹೀಗೇ ಮಾಡಿದೆ. ಆಮೇಲೆ ಹಳೆಯ ಚಿಕ್ಕ ಫ್ರಿಜ್ ಮತ್ತು ಟೆಂಪರೇಚರ್ ಕಂಟ್ರೋಲರ್ ಕೊಂಡೆ. ನಾನು ಬಿಯರಿಗಾಗಿ ಕೊಂಡ ವಸ್ತುಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಫ್ರಿಜ್ಜಿಗೆ ಜಾಗವೇ ಇಲ್ಲ, ಮನೆ ಸದಾ ಬಿಸಿ ಅನ್ನುವವರು ಕ್ವೈಕ್ ಯೀಸ್ಟ್ ತನ್ನಿ. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯೀಸ್ಟ್ ಇದು. ವೋಸ್ ಕ್ವೈಕ್ 30 ಡಿಗ್ರಿ ದಾಟಿದರೂ ಕೆಡದೆ, ಕಿತ್ತಳೆ ಸಿಪ್ಪೆಯಂಥ ಪರಿಮಳ ಕೊಟ್ಟು ಕೆಲವೇ ದಿನದಲ್ಲಿ ಕೆಲಸ ಮುಗಿಸುತ್ತದೆ. ತಂಪಿನಲ್ಲೇ ಹುದುಗಬೇಕಾದ ಲಾಗರ್ ಬಿಯರಿನ ಆಸೆ ಫ್ರಿಜ್ ಬರುವವರೆಗೆ ಬೇಡ.

ಬಕೆಟ್ 13 ಲೀಟರಿನ ಫುಡ್-ಗ್ರೇಡ್ ಪ್ಲಾಸ್ಟಿಕ್‌ನದು ಇರಲಿ. ದಯವಿಟ್ಟು ಕಾರ್ಬಾಯ್ ಅನ್ನುವ ಗಾಜಿನ ದೊಡ್ಡ ಜಾಡಿ ಬೇಡ. ಸೋಪಿನ ಕೈಯಲ್ಲಿ ಜಾರಿದರೆ ಅದರ ಚೂರು ನರವನ್ನೇ ಕತ್ತರಿಸಬಲ್ಲದು. ಬಕೆಟ್ಟನ್ನು ಕತ್ತಲೆಯ ಬೀರುವಿನಲ್ಲಿ, ಹೀಟರಿನಿಂದ ದೂರ ಇಡಿ. ಬೆಳಕು ಬಿದ್ದರೆ ಹಾಪ್ಸ್ ಕೆಟ್ಟ ವಾಸನೆ ಕೊಡುತ್ತದೆ.

ಉಳಿದವು ಚಿಕ್ಕಪುಟ್ಟ ಸಾಮಾನು. ತೊಳೆಯದೆ ಬಿಡಬಹುದಾದ ಸ್ಟಾರ್ ಸ್ಯಾನ್‌ನಂಥ ಸ್ಯಾನಿಟೈಸರ್, ಅದನ್ನು ಹಾಕಿಡಲು ಸ್ಪ್ರೇ ಬಾಟಲಿ. ಹಾಪ್ಸ್ ತೂಗಲು ಗ್ರಾಂ ತೋರಿಸುವ ತಕ್ಕಡಿ. ದ್ರವದ ಸಾಂದ್ರತೆಯಿಂದ ಸಕ್ಕರೆ ಎಷ್ಟಿದೆ ಅಂತ ತೋರಿಸುವ ಒಂದು ಹೈಡ್ರೋಮೀಟರ್: ಶುರುವಿನಲ್ಲಿ 1.050, ಕೊನೆಯಲ್ಲಿ 1.012 ಬಂದರೆ ಬಿಯರ್ ಸುಮಾರು 5 ಪರ್ಸೆಂಟ್. ನಲ್ಲಿ ನೀರಿನ ಕ್ಲೋರಿನ್ ಹೋಗಲು ಕ್ಯಾಂಪ್ಡೆನ್ ಮಾತ್ರೆಯ ಕಾಲು ಭಾಗ ಹಾಕಿ. ಇಲ್ಲದಿದ್ದರೆ ಬ್ಯಾಂಡ್-ಏಡ್‌ನಂಥ ಔಷಧಿ ವಾಸನೆ ಬರುತ್ತದೆ.

ಬಾಟಲಿ ತುಂಬುವಾಗ ಈ ಚಿಕ್ಕ ಅಳತೆ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗುತ್ತದೆ. 9 ಲೀಟರಿನಲ್ಲಿ ತಳದ ಯೀಸ್ಟ್ ಬಿಟ್ಟರೆ 355 ಮಿಲಿಲೀಟರಿನ 24 ಬಾಟಲಿ, ಸರಿಯಾಗಿ ಒಂದು ಕೇಸ್. ಮಂಚದ ಕೆಳಗೆ ಹಿಡಿಯುತ್ತದೆ. ತಿರುಗಿಸಿ ತೆಗೆಯುವ ಬಾಟಲಿ ಬೇಡ, ಕ್ಯಾಪ್ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಬರಲು ಒಟ್ಟು 50ರಿಂದ 55 ಗ್ರಾಂ ಸಕ್ಕರೆ ಸಾಕು. ಇದನ್ನು ತೂಗಿಯೇ ಹಾಕಿ. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವ ತನಕ ಬಾಟಲಿಗೆ ತುಂಬಬೇಡಿ. ಆತುರ ಮಾಡಿದರೆ ಬಾಟಲಿ ಸಿಡಿಯುತ್ತದೆ, ಅದೂ ನೀವು ಮಲಗುವ ಮಂಚದ ಕೆಳಗೆ.

ಕಾನೂನಿನ ಮಾತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆ ಬಿಯರಿಗೆ ತೆರಿಗೆ ಇಲ್ಲ. ಒಬ್ಬರೇ ದೊಡ್ಡವರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200. ಮಾರುವಂತಿಲ್ಲ. ಬಾಡಿಗೆ ಕರಾರನ್ನೂ ಒಮ್ಮೆ ಓದಿಕೊಳ್ಳಿ. ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೆ: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇದಕ್ಕೆ ಬಿಯರೂ ಸೇರುತ್ತದೆ. ದಯವಿಟ್ಟು ಅಲ್ಲಿ ಮಾಡಬೇಡಿ.

ಕೊನೆಯದಾಗಿ, ಹಿಂಡಿದ ಮಾಲ್ಟಿಗೆ ಮೊದಲೇ ಜಾಗ ನೋಡಿಡಿ. ಒದ್ದೆ ಮಾಲ್ಟ್ ಭಾರವಾಗಿರುತ್ತದೆ, ಮಾರನೇ ದಿನವೇ ಹುಳಿ ವಾಸನೆ ಬರುತ್ತದೆ. ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ. ಎರಡು ಕವರಿನಲ್ಲಿ ಕಟ್ಟಿ ಅಂದೇ ಸಂಜೆ ಕೆಳಗಿನ ಕಸದ ಡಬ್ಬಿಗೆ ಹಾಕಿಬನ್ನಿ. ಹಾಕುವ ಮುಂಚೆ ಎರಡು ಹಿಡಿ ತೆಗೆದಿಟ್ಟು ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಕಲಸಿ ರೊಟ್ಟಿ ತಟ್ಟಿ. ಮಾಲ್ಟಿನ ಹೊಟ್ಟು ಬಾಯಿಗೆ ಸಿಗದಂತೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿಕೊಂಡರೆ ಇನ್ನೂ ಚೆನ್ನ.