ವರ್ಚುವಲ್ ಮೆಷಿನ್ನಿನೊಳಗೆ ‘ಎರೇಸ್ ಡಿಸ್ಕ್’ ಒತ್ತಿದರೆ ಅಳಿಯುವುದು ಯಾವ ಡಿಸ್ಕು?

ಪ್ರಶ್ನೆ: ಸರ್, ನಾನು ಶಿರಸಿ ಹತ್ತಿರದ ಹಳ್ಳಿಯವಳು, ಬಿಸಿಎ ಎರಡನೆಯ ವರ್ಷದಲ್ಲಿದ್ದೇನೆ. ಲಿನಕ್ಸ್ ಕಲಿಯಬೇಕೆಂದು ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮೆಷಿನ್ನನ್ನು, ನಡೆಸುವ ವರ್ಚುವಲ್‌ಬಾಕ್ಸ್ ಎಂಬ ಪ್ರೋಗ್ರಾಂ ಹಾಕಿಕೊಂಡು, ಅದರೊಳಗೆ ಉಬುಂಟು ಎಂಬ ಲಿನಕ್ಸನ್ನು ಇನ್‌ಸ್ಟಾಲ್ ಮಾಡಲು ಹೊರಟೆ. ನಡುವೆ ‘ಎರೇಸ್ ಡಿಸ್ಕ್ ಆಂಡ್ ಇನ್‌ಸ್ಟಾಲ್ ಉಬುಂಟು’ ಎಂಬ ಸಾಲು ಕಾಣಿಸಿತು. ಅದೇ ಲ್ಯಾಪ್‌ಟಾಪಿನಲ್ಲಿ ಅಪ್ಪಯ್ಯನ ಎಂಟು ವರ್ಷದ ಅಡಿಕೆ ಲೆಕ್ಕವೂ ಅಕ್ಕನ ಮದುವೆಯ ಫೋಟೋಗಳೂ ಇವೆ. ಹೆದರಿ ಅಲ್ಲಿಗೇ ಮುಚ್ಚಿಬಿಟ್ಟೆ. ಒತ್ತಿದ್ದರೆ ಎಲ್ಲವೂ ಅಳಿದುಹೋಗುತ್ತಿತ್ತೇ?

ಉತ್ತರ: ಅಳಿದುಹೋಗುತ್ತಿರಲಿಲ್ಲ. ನೀವು ಇನ್‌ಸ್ಟಾಲ್ ಮಾಡುತ್ತಿದ್ದದ್ದು ವರ್ಚುವಲ್‌ಬಾಕ್ಸಿನ ವಿಂಡೋದ ಒಳಗೇ ಆಗಿದ್ದರೆ, ಆ ಗುಂಡಿ ಒತ್ತಿದಾಗ ಅಳಿಯುವುದು ಉಬುಂಟುವಿಗೆಂದು ನೀವೇ ಸ್ವಲ್ಪ ಹೊತ್ತಿನ ಮುಂಚೆ ಮಾಡಿಕೊಟ್ಟ ಒಂದು ಖಾಲಿ ಫೈಲು ಮಾತ್ರ. ಆದರೂ ನೀವು ಕೈ ತಡೆದು ಕೇಳಿದ್ದು ಒಳ್ಳೆಯದೇ ಆಯಿತು. ಕಾರವಾರದಲ್ಲಿ ಕಂಪ್ಯೂಟರ್ ಕಲಿಸುತ್ತ ಬಂದ ಇಷ್ಟು ವರ್ಷಗಳಲ್ಲಿ ವಿದ್ಯಾರ್ಥಿಗಳು ನನ್ನಲ್ಲಿ ಮತ್ತೆಮತ್ತೆ ಕೇಳಿದ ಪ್ರಶ್ನೆ ಇದು. ಇದೇ ಸಾಲನ್ನು ಬೇರೊಂದು ಸಂದರ್ಭದಲ್ಲಿ ನೋಡದೆ ಒತ್ತಿ, ಇದ್ದದ್ದೆಲ್ಲವನ್ನೂ ಕಳೆದುಕೊಂಡವರನ್ನೂ ನಾನು ಕಂಡಿದ್ದೇನೆ. ಇಲ್ಲಿ ಏಕೆ ಅಳಿಯುವುದಿಲ್ಲ ಎಂಬುದು ಗೊತ್ತಾದರೆ, ಎಲ್ಲಿ ಅಳಿಯುತ್ತದೆ ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಇರುವ ವಿಂಡೋಸಿಗೆ ಹೋಸ್ಟ್ ಎಂದೂ, ವರ್ಚುವಲ್ ಮೆಷಿನ್ನಿನ ಒಳಗೆ ಹಾಕುವ ಉಬುಂಟುವಿಗೆ ಗೆಸ್ಟ್ ಎಂದೂ ಹೇಳುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ನೆಂಟರಿಗೆ ಜಗಲಿಯಲ್ಲಿ ಹಾಸಿಗೆ ಹಾಸಿಕೊಡುತ್ತೇವೆ. ಆ ನೆಂಟರಿಗಾದರೂ ಒಳಗೆ ಕೋಣೆಗಳಿವೆ, ಮೇಲೆ ಮೆತ್ತಿಯಿದೆ ಎಂಬುದು ಗೊತ್ತಿರುತ್ತದೆ. ಗೆಸ್ಟ್ ಆಗಿ ಬಂದ ಉಬುಂಟುವಿಗೆ ಅದೂ ಗೊತ್ತಿರುವುದಿಲ್ಲ. ಜಗಲಿಯೇ ಇಡೀ ಮನೆಯೆಂದು ಅದು ತಿಳಿದಿರುತ್ತದೆ.

ಹೊಸ ಮೆಷಿನ್ ಮಾಡುವಾಗ ವರ್ಚುವಲ್‌ಬಾಕ್ಸ್ ನಿಮ್ಮನ್ನು ಡಿಸ್ಕಿನ ಗಾತ್ರ ಕೇಳಿತ್ತು, ನೀವು ಬಹುಶಃ 25 ಜಿಬಿ ಎಂದು ಒಪ್ಪಿಕೊಂಡಿರಿ. ಆಗ ವಿಂಡೋಸಿನಲ್ಲಿ ನಿಮ್ಮ ಹೆಸರಿನ ಫೋಲ್ಡರಿನೊಳಗೆ, ‘ವರ್ಚುವಲ್‌ಬಾಕ್ಸ್ ವಿಎಂಸ್’ ಎಂಬ ಜಾಗದಲ್ಲಿ, ವಿಡಿಐ ಎಂಬ ಬಗೆಯ ಒಂದು ಫೈಲು ಹುಟ್ಟಿತು. ಅದರ ಗಾತ್ರವನ್ನು ಆಗಲೇ ನೋಡಿದ್ದರೆ 25 ಜಿಬಿಯ ಬದಲು ಕೆಲವೇ ಎಂಬಿ ಕಾಣುತ್ತಿತ್ತು, ಏಕೆಂದರೆ ಬರೆಯುವ ಕೆಲಸ ಬಂದಂತೆಲ್ಲ ಒಂದೊಂದು ಎಂಬಿಯ ತುಂಡುಗಳಾಗಿ ಬೆಳೆಯುತ್ತ ಹೋಗುವುದು ಅದರ ಸ್ವಭಾವ. ಉಬುಂಟು ‘ಡಿಸ್ಕಿನ ಇಂಥ ಸಂಖ್ಯೆಯ ಜಾಗದಲ್ಲಿ ಇದನ್ನು ಬರೆ’ ಎಂದಾಗ ಆ ಮಾತು ನಿಮ್ಮ ನಿಜವಾದ ಡಿಸ್ಕಿಗೆ ತಲುಪುವುದೇ ಇಲ್ಲ. ನಡುವೆ ಕುಳಿತ ವರ್ಚುವಲ್‌ಬಾಕ್ಸ್ ಅದನ್ನು ತೆಗೆದುಕೊಂಡು, ವಿಡಿಐ ಫೈಲಿನೊಳಗೆ ಅದಕ್ಕೆ ಸರಿಹೊಂದುವ ಜಾಗ ಹುಡುಕಿ ಅಲ್ಲಿ ಬರೆಯುತ್ತದೆ. ವಿಂಡೋಸಿನ ಕಣ್ಣಿಗೆ ಇದು ಯಾವುದೋ ಒಂದು ಪ್ರೋಗ್ರಾಂ ತನ್ನದೇ ಫೈಲನ್ನು ಸೇವ್ ಮಾಡಿದಷ್ಟೇ ಸಾಮಾನ್ಯ ಕೆಲಸ. ಆ ಫೈಲಿನ ಆಚೆಗಿನ ಜಾಗಕ್ಕೆ ಉಬುಂಟುವಿನ ಕೈಯಲ್ಲಿ ವಿಳಾಸವೇ ಇಲ್ಲ. ವಿಳಾಸವಿಲ್ಲದ್ದನ್ನು ಅಳಿಸು ಎಂದು ಅದು ಯಾರಿಗೂ ಹೇಳಲಾರದು.

ಈ ಉಪಾಯ ಇಂದಿನದಲ್ಲ. ಐಬಿಎಂ 1972ರಲ್ಲಿ ಹೊರತಂದ ವಿಎಂ/370 ಎಂಬ ವ್ಯವಸ್ಥೆಯಲ್ಲಿ ಒಂದು ದೊಡ್ಡ ಡಿಸ್ಕನ್ನು ತುಂಡು ಮಾಡಿ, ಪ್ರತಿಯೊಬ್ಬ ಬಳಕೆದಾರನಿಗೂ ಒಂದೊಂದು ‘ಮಿನಿಡಿಸ್ಕ್’ ಕೊಡುತ್ತಿದ್ದರು, ಮತ್ತು ಅವರವರ ವರ್ಚುವಲ್ ಮೆಷಿನ್ನಿಗೆ ಅದೇ ಪೂರ್ತಿ ಡಿಸ್ಕಾಗಿ ಕಾಣುತ್ತಿತ್ತು. ಅಂದು ಒಂದು ಕೋಣೆ ತುಂಬುವ ಯಂತ್ರದಲ್ಲಿ ನಡೆಯುತ್ತಿದ್ದದ್ದು ಈಗ ಶಿರಸಿಯ ಮನೆಯೊಂದರ ಮೇಜಿನ ಮೇಲೆ ನಡೆಯುತ್ತಿದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ನನ್ನ ಮಾತನ್ನು ನಂಬಿ ಒತ್ತಿಬಿಡಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಪರೀಕ್ಷಿಸಿಕೊಳ್ಳುವ ದಾರಿ ಅದೇ ಪರದೆಯ ಮೇಲಿದೆ. ಡಿಸ್ಕಿನ ಆಯ್ಕೆ ಬಂದಾಗ, ಅಥವಾ ಎಲ್ಲ ಮುಗಿದು ಕೊನೆಯ ಒಪ್ಪಿಗೆ ಕೇಳುವ ಪುಟದಲ್ಲಿ, ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಓದಿ. ವರ್ಚುವಲ್‌ಬಾಕ್ಸಿನ ಒಳಗಿದ್ದರೆ ಅಲ್ಲಿ ‘ವಿಬಾಕ್ಸ್ ಹಾರ್ಡ್‌ಡಿಸ್ಕ್’ ಎಂಬ ಹೆಸರೂ, 26.8 ಜಿಬಿಯಂಥ ಒಂದು ಸಣ್ಣ ಅಂಕಿಯೂ ಇರುತ್ತವೆ. 25 ಎಂದು ಕೊಟ್ಟದ್ದು 26.8 ಆದದ್ದೇಕೆ ಎಂದು ಗಾಬರಿಯಾಗಬೇಡಿ. ವರ್ಚುವಲ್‌ಬಾಕ್ಸ್ ಒಂದು ಜಿಬಿಯನ್ನು 1024ರ ಲೆಕ್ಕದಲ್ಲಿ ಅಳೆಯುತ್ತದೆ, ಉಬುಂಟುವಿನ ಇನ್‌ಸ್ಟಾಲರ್ 1000ದ ಲೆಕ್ಕದಲ್ಲಿ ಅಳೆಯುತ್ತದೆ. ಜಾಗ ಒಂದೇ, ಕೊಳಗ ಬೇರೆ. ಆ ಹೆಸರಿನ ಬದಲು ನಿಮ್ಮ ಲ್ಯಾಪ್‌ಟಾಪಿನ ಡಿಸ್ಕ್ ತಯಾರಿಸಿದ ಕಂಪನಿಯ ಹೆಸರು ಕಂಡರೆ, ಅಂಕಿ 512ರ ಹತ್ತಿರವೋ 1000ದ ಹತ್ತಿರವೋ ಇದ್ದರೆ, ನೀವು ವರ್ಚುವಲ್ ಮೆಷಿನ್ನಿನ ಒಳಗಿಲ್ಲ. ಆ ಕ್ಷಣವೇ ಮುಂದೆ ಹೋಗುವುದನ್ನು ನಿಲ್ಲಿಸಬೇಕು.

ಹಾಗೆ ಆಗುವುದು ಹೇಗೆ? ಹೊನ್ನಾವರದ ಕಡೆಯ ಒಬ್ಬ ಹುಡುಗ ನನ್ನಲ್ಲಿ ಕಲಿಯುತ್ತಿದ್ದ. ವರ್ಚುವಲ್ ಮೆಷಿನ್ನಿನಲ್ಲಿ ಉಬುಂಟುವನ್ನು ಹತ್ತಾರು ಸಲ ಹಾಕಿ ತೆಗೆದು ಅವನ ಕೈ ಪಳಗಿತ್ತು. ಒಂದು ದಿನ, ಇನ್ನಷ್ಟು ವೇಗವಾಗಿ ಓಡಲೆಂದು, ಅದೇ ಐಎಸ್‌ಓ ಫೈಲನ್ನು, ಅಂದರೆ ಇಡೀ ಇನ್‌ಸ್ಟಾಲರನ್ನು ಹೊತ್ತ ಫೈಲನ್ನು, ಪೆನ್‌ಡ್ರೈವಿಗೆ ಬರೆದು, ಲ್ಯಾಪ್‌ಟಾಪನ್ನು ಅದರಿಂದಲೇ ಬೂಟ್ ಮಾಡಿದ. ಬಂದ ಪರದೆಗಳು ಅಕ್ಷರ ಅಕ್ಷರವೂ ಅವೇ. ಪ್ರತಿ ಸಲದಂತೆ ಒತ್ತುತ್ತ ಹೋದ. ಅವನ ಮನೆಯವರ ಫೋಟೋ, ದಾಖಲೆ ಎಲ್ಲವೂ ಅಂದು ಹೋದವು. ವರ್ಚುವಲ್ ಮೆಷಿನ್ ಕೊಡುವ ಅಭಯದಲ್ಲಿ ಇದೊಂದು ಅಪಾಯವಿದೆ: ಒಳಗೆ ಕಲಿತ ನಿರ್ಭಯ ಹೊರಗೂ ಕೈಯಲ್ಲಿ ಉಳಿದುಬಿಡುತ್ತದೆ. ಆ ಹುಡುಗನನ್ನು ನೆನೆದಾಗಲೆಲ್ಲ, ಹೆಸರು ಮತ್ತು ಗಾತ್ರ ಓದುವುದನ್ನು ಅವನಿಗೆ ಮೊದಲ ದಿನವೇ ರೂಢಿ ಮಾಡಿಸಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಅಂದಿನಿಂದ ಎಲ್ಲರಿಗೂ ಅದನ್ನೇ ಮೊದಲು ಕಲಿಸುತ್ತೇನೆ.

ವರ್ಚುವಲ್ ಮೆಷಿನ್ನಿನ ಒಳಗಿದ್ದೂ ಹೊರಗಿನದಕ್ಕೆ ಕೈ ತಾಗುವ ದಾರಿಗಳು ಕೆಲವು ಇವೆ, ಅವೆಲ್ಲವೂ ನಾವಾಗಿಯೇ ತೆರೆಯುವ ಬಾಗಿಲುಗಳು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನೋ ಪೆನ್‌ಡ್ರೈವನ್ನೋ ಯುಎಸ್‌ಬಿ ಮೆನುವಿನಿಂದ ಗೆಸ್ಟಿಗೆ ಒಪ್ಪಿಸಿದರೆ ಅದು ನಿಜವಾದ ಡಿಸ್ಕಾಗಿಯೇ ಇನ್‌ಸ್ಟಾಲರಿನ ಪಟ್ಟಿಯಲ್ಲಿ ಎರಡನೆಯದಾಗಿ ಬಂದು ಕೂರುತ್ತದೆ. ಆದ್ದರಿಂದ ಇನ್‌ಸ್ಟಾಲ್ ಮುಗಿಯುವವರೆಗೆ ಅಂಥವನ್ನು ಲ್ಯಾಪ್‌ಟಾಪಿಗೆ ಚುಚ್ಚಲೇಬೇಡಿ. ಇನ್ನೊಂದು ಶೇರ್ಡ್ ಫೋಲ್ಡರ್. ವಿಂಡೋಸಿನ ಒಂದು ಫೋಲ್ಡರನ್ನು ಉಬುಂಟುವಿಗೂ ಕಾಣುವಂತೆ ಮಾಡಿದ ಮೇಲೆ, ಅಲ್ಲಿ ಟರ್ಮಿನಲ್ಲಿನಿಂದ ಅಳಿಸಿದ ಫೈಲು ವಿಂಡೋಸಿನಲ್ಲಿಯೂ ಅಳಿಯುತ್ತದೆ, ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಅಪ್ಪಯ್ಯನ ಲೆಕ್ಕವಿರುವ ಫೋಲ್ಡರನ್ನು ಎಂದಿಗೂ ಹಂಚಬೇಡಿ. ಹಂಚುವುದಕ್ಕೆಂದೇ ಖಾಲಿ ಫೋಲ್ಡರೊಂದನ್ನು ಮಾಡಿಕೊಳ್ಳಿ. ನಿಜವಾದ ಡಿಸ್ಕನ್ನೇ ನೇರವಾಗಿ ಗೆಸ್ಟಿಗೆ ಜೋಡಿಸುವ ರಾ ಡಿಸ್ಕ್ ಎಂಬ ವಿಧಾನವೂ ಉಂಟು, ಆದರೆ ಅದಕ್ಕೆ ಬೇರೆಯೇ ಆದೇಶಗಳನ್ನು ಬೇಕೆಂದೇ ಬರೆಯಬೇಕಾಗುವುದರಿಂದ ಅದು ಅರಿಯದೆ ಆಗುವಂಥದ್ದಲ್ಲ.

ಜನ ಗಮನಿಸದ ಅಪಾಯ ಬೇರೆ, ಅದು ಜಾಗದ್ದು. ವಿಡಿಐ ಫೈಲು ಬೆಳೆಯುತ್ತದೆಯೇ ಹೊರತು, ಒಳಗಿನ ಫೈಲುಗಳನ್ನು ಅಳಿಸಿದ ಮಾತ್ರಕ್ಕೆ ಕುಗ್ಗುವುದಿಲ್ಲ. ಸಿ ಡ್ರೈವಿನಲ್ಲಿ 20 ಜಿಬಿಯಷ್ಟೇ ಖಾಲಿಯಿದ್ದು, ನೀವು 25 ಜಿಬಿ ಬರೆದುಕೊಟ್ಟಿದ್ದರೆ ಇನ್‌ಸ್ಟಾಲ್ ಸುಗಮವಾಗಿಯೇ ಮುಗಿದೀತು; ತಿಂಗಳು ಎರಡು ತಿಂಗಳು ಬಿಟ್ಟು ಡಿಸ್ಕ್ ಪೂರ್ತಿ ತುಂಬಿ ವರ್ಚುವಲ್ ಮೆಷಿನ್ ನಿಂತುಬಿಡುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಅಪ್ಪಯ್ಯ ಆ ದಿನದ ಲೆಕ್ಕ ಸೇವ್ ಮಾಡಲು ಹೋದಾಗ ಜಾಗವಿಲ್ಲ ಎಂಬ ಸಂದೇಶ ಬರುತ್ತದೆ. ಡಿ ಡ್ರೈವ್ ಇದ್ದರೆ ಮೆಷಿನ್ನನ್ನು ಅಲ್ಲಿಯೇ ಮಾಡಿಕೊಳ್ಳಿ.

ಇನ್ನು ಇನ್‌ಸ್ಟಾಲ್ ಮಾಡುವ ಕ್ರಮದಲ್ಲಿ ನಮ್ಮ ಕಡೆಯವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವ ಕೆಲವು ಜಾಗಗಳನ್ನಷ್ಟೇ ಹೇಳುತ್ತೇನೆ. ಉಬುಂಟು 24.04ರ ಐಎಸ್‌ಓ 6 ಜಿಬಿಯ ಆಸುಪಾಸಿನಲ್ಲಿದೆ. ದಿನಕ್ಕೆ ಒಂದೂವರೆ ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ, ನೆಟ್‌ವರ್ಕ್ ಬಂದು ಹೋಗುವ ಹಳ್ಳಿಗಳಲ್ಲಿ, ಅದನ್ನು ಇಳಿಸಿಕೊಳ್ಳುವುದು ನಾಲ್ಕು ದಿನದ ಕೆಲಸ. ಗೆಳತಿಯಿಂದ ಪೆನ್‌ಡ್ರೈವಿನಲ್ಲಿ ತಂದುಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಹೀಗೆ ತಂದದ್ದು ಪೂರ್ತಿಯಾಗಿದೆಯೇ, ನಡುವೆ ಕೆಟ್ಟಿಲ್ಲವೇ ಎಂದು ನೋಡಲು ಫೈಲಿನ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಮೊತ್ತವನ್ನು ಹೋಲಿಸಿ. ವಿಂಡೋಸಿನಲ್ಲಿಯೇ ಇರುವ ಸರ್ಟ್‌ಯುಟಿಲ್ ಎಂಬ ಆದೇಶ 64 ಅಕ್ಷರಗಳ ಒಂದು ಸಾಲನ್ನು ಲೆಕ್ಕಹಾಕಿ ಕೊಡುತ್ತದೆ, ಅದು ಉಬುಂಟುವಿನ ಜಾಲತಾಣದಲ್ಲಿರುವ ಸಾಲಿಗೆ ಪೂರ್ತಿ ಹೊಂದಬೇಕು. ಅರ್ಧಕ್ಕೆ ನಿಂತುಹೋಗುವ ಇನ್‌ಸ್ಟಾಲಿಗೆ ಅನೇಕ ಸಲ ಕಾರಣ ಹಾಳಾದ ಐಎಸ್‌ಓ, ಆದರೆ ಮಕ್ಕಳು ದೂರುವುದು ಲ್ಯಾಪ್‌ಟಾಪನ್ನು.

ಉಬುಂಟು 24.04ರ ಡೆಸ್ಕ್‌ಟಾಪಿಗೆ 4 ಜಿಬಿ ಮೆಮೊರಿ ಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಇದ್ದರೆ ಅರ್ಧ ಕೊಡಿ, ಪ್ರೊಸೆಸರಿನ ಎರಡು ಕೋರ್ ಕೊಡಿ. ಇರುವುದೇ 4 ಜಿಬಿಯಾದರೆ ಉಬುಂಟುವಿನ ಆಸೆ ಬಿಟ್ಟು ಲುಬುಂಟುವಿನಂಥ ಹಗುರವಾದದ್ದನ್ನು ಹಾಕಿಕೊಳ್ಳುವುದು ಒಳ್ಳೆಯದು. ಕಲಿಯಬೇಕಾದ ಆದೇಶಗಳು ಎರಡರಲ್ಲಿಯೂ ಒಂದೇ. ಮೆಷಿನ್ ಶುರುವಾಗುವ ಮೊದಲೇ ವಿಟಿ-ಎಕ್ಸ್ (ವರ್ಚುವಲ್ ಮೆಷಿನ್ ಓಡಿಸಲು ಪ್ರೊಸೆಸರ್ ಕೊಡುವ ನೆರವು) ಇಲ್ಲ ಎಂಬ ದೋಷ ಬಂದರೆ, ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಪುಟದ ಸಿಪಿಯು ವಿಭಾಗವನ್ನು ತೆರೆದು, ವರ್ಚುವಲೈಸೇಶನ್ ಎಂಬುದರ ಮುಂದೆ ಏನಿದೆ ನೋಡಿ. ಇಂಟೆಲ್ 2005ರಿಂದ, ಎಎಮ್‌ಡಿ 2006ರಿಂದ ಈ ಸೌಲಭ್ಯವನ್ನು ಪ್ರೊಸೆಸರಿನಲ್ಲಿಯೇ ಕೊಡುತ್ತ ಬಂದಿರುವುದರಿಂದ ನಿಮ್ಮದರಲ್ಲಿಯೂ ಅದು ಬಹುಮಟ್ಟಿಗೆ ಇರುತ್ತದೆ, ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಬಯೋಸ್ ಎಂಬ ಸೆಟ್ಟಿಂಗ್ಸಿನಲ್ಲಿ ಮುಚ್ಚಿಟ್ಟಿರಬಹುದು ಅಷ್ಟೇ. ಬಯೋಸ್ ಮುಟ್ಟುವ ಮೊದಲು ಮಾತ್ರ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರಿನ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬದಲಾವಣೆಯಾದ ಮೇಲೆ ಅದನ್ನು ಕೇಳುವ ಸಾಧ್ಯತೆಯಿದೆ, ಆಗ ಕೀ ಇಲ್ಲದಿದ್ದರೆ ನೀವು ಇಷ್ಟು ಹೆದರಿ ಕಾಪಾಡಿದ ಫೈಲುಗಳು ಬೀಗದೊಳಗೆ ಉಳಿದುಬಿಡುತ್ತವೆ.

ವರ್ಚುವಲ್‌ಬಾಕ್ಸಿನ 7.0 ಆವೃತ್ತಿಯಿಂದೀಚೆಗೆ, ಐಎಸ್‌ಓ ಆರಿಸಿದೊಡನೆ ನಿಮ್ಮನ್ನು ಏನೂ ಕೇಳದೆ ತಾನೇ ಇನ್‌ಸ್ಟಾಲ್ ಮಾಡುವ ‘ಅನ್‌ಅಟೆಂಡೆಡ್’ ಎಂಬ ಆಯ್ಕೆಯಿದೆ. ಕಲಿಯುವವರು ಅದನ್ನು ಬಳಸದಿರುವುದೇ ಲೇಸು. ಅದರಲ್ಲಿ ನೀವು ಬದಲಿಸದಿದ್ದರೆ ಹೆಸರು ‘ವಿಬಾಕ್ಸ್‌ಯೂಸರ್’ ಎಂದೂ ಪಾಸ್‌ವರ್ಡ್ ‘ಚೇಂಜ್‌ಮಿ’ ಎಂದೂ ತಾನೇ ಇಟ್ಟುಕೊಳ್ಳುತ್ತದೆ, ಆಮೇಲೆ ಲಾಗಿನ್ ಪರದೆಯ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಕೂತವರು ನನ್ನ ತರಗತಿಯಲ್ಲಿಯೇ ಇದ್ದಾರೆ.

ಇನ್‌ಸ್ಟಾಲ್ ಮುಗಿದಾಗ, ಇನ್‌ಸ್ಟಾಲೇಶನ್ ಮೀಡಿಯಂ ತೆಗೆದು ಎಂಟರ್ ಒತ್ತಿ ಎಂದು ಕೇಳುತ್ತದೆ. ಸಾಮಾನ್ಯವಾಗಿ ಐಎಸ್‌ಓ ತಾನಾಗಿಯೇ ಹೊರಬಂದಿರುತ್ತದೆ. ಬಂದಿರದಿದ್ದರೆ ಮೆಷಿನ್ ಮತ್ತೆ ಇನ್‌ಸ್ಟಾಲರಿನಿಂದಲೇ ಶುರುವಾಗುತ್ತದೆ, ಆಗ ಕೆಲಸ ಕೆಟ್ಟಿತೆಂದು ತಿಳಿದು ಎಲ್ಲವನ್ನೂ ಮೊದಲಿನಿಂದ ಮಾಡಬೇಡಿ. ಮೆಷಿನ್ ಆಫ್ ಮಾಡಿ, ಸೆಟ್ಟಿಂಗ್ಸಿನ ಸ್ಟೋರೇಜ್ ವಿಭಾಗದಲ್ಲಿ ಐಎಸ್‌ಓವನ್ನು ತೆಗೆದರೆ ಸಾಕು. ಅದಾದ ಮೇಲೆ ಗೆಸ್ಟ್ ಅಡಿಶನ್ಸ್ ಎಂಬ ವರ್ಚುವಲ್‌ಬಾಕ್ಸಿನದೇ ಪೂರಕ ಪ್ರೋಗ್ರಾಂಗಳನ್ನು ಉಬುಂಟುವಿನೊಳಗೆ ಹಾಕಿಕೊಂಡರೆ ಪರದೆ ವಿಂಡೋದ ಗಾತ್ರಕ್ಕೆ ಹಿಗ್ಗುತ್ತದೆ, ಶೇರ್ಡ್ ಕ್ಲಿಪ್‌ಬೋರ್ಡ್ ಎಂಬ ಆಯ್ಕೆಯನ್ನೂ ತೆರೆದರೆ ಕಾಪಿ ಪೇಸ್ಟ್ ಎರಡೂ ಕಡೆ ನಡೆಯುತ್ತದೆ. ಮೌಸ್ ಒಳಗೆ ಸಿಕ್ಕಿಕೊಂಡಾಗ ಬಲಗಡೆಯ ಕಂಟ್ರೋಲ್ ಕೀ ಒತ್ತಿದರೆ ಹೊರಬರುತ್ತದೆ.

ನಮ್ಮ ಘಟ್ಟದ ಮೇಲೆ ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳುವಂತಿಲ್ಲ. ಬ್ಯಾಟರಿ ಇಳಿಯುತ್ತಿರುವಾಗ ವರ್ಚುವಲ್ ಮೆಷಿನ್ನನ್ನು ಹಾಗೆಯೇ ಸಾಯಲು ಬಿಡಬೇಡಿ. ನಡುವೆ ನಿಂತ ಬರವಣಿಗೆಯಿಂದ ವಿಡಿಐ ಫೈಲಿನ ಒಳಗಿನದು ಕೆಡಬಹುದು. ವಿಂಡೋ ಮುಚ್ಚಲು ಹೋದಾಗ ಬರುವ ಮೂರು ಆಯ್ಕೆಗಳಲ್ಲಿ ‘ಸೇವ್ ದ ಮೆಷಿನ್ ಸ್ಟೇಟ್’ ಎಂಬುದನ್ನು ಆರಿಸಿದರೆ ಇದ್ದ ಸ್ಥಿತಿಯಲ್ಲಿಯೇ ನಿಲ್ಲುತ್ತದೆ, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಸ್ನ್ಯಾಪ್‌ಶಾಟ್ ಎಂಬುದೂ ಇದೆ, ಪ್ರಯೋಗ ಮಾಡುವ ಮೊದಲು ತೆಗೆದಿಟ್ಟುಕೊಂಡರೆ ಹಿಂದಕ್ಕೆ ಬರಬಹುದು. ಅದನ್ನು ಬ್ಯಾಕಪ್ ಎಂದು ಮಾತ್ರ ತಿಳಿಯಬೇಡಿ, ಏಕೆಂದರೆ ಅದು ಇರುವುದು ಅದೇ ಡಿಸ್ಕಿನ ಮೇಲೆ, ನಿಂತಿರುವುದು ಅದೇ ವಿಡಿಐ ಫೈಲನ್ನು ನೆಚ್ಚಿಕೊಂಡು.

ನೀವು ಅರ್ಧಕ್ಕೆ ಮುಚ್ಚಿದ ಮೆಷಿನ್ ಇನ್ನೂ ವರ್ಚುವಲ್‌ಬಾಕ್ಸಿನ ಪಟ್ಟಿಯಲ್ಲಿ ಇದ್ದೇ ಇದೆ. ಇಂದು ಸಂಜೆ ಮೊದಲು ಅಪ್ಪಯ್ಯನ ಲೆಕ್ಕವನ್ನೂ ಅಕ್ಕನ ಫೋಟೋಗಳನ್ನೂ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ವರ್ಚುವಲ್ ಮೆಷಿನ್ನಿಗೂ ಇದಕ್ಕೂ ಸಂಬಂಧವಿಲ್ಲ; ಎಂಟು ವರ್ಷದ ಲೆಕ್ಕ ಒಂದೇ ಲ್ಯಾಪ್‌ಟಾಪಿನಲ್ಲಿರುವುದು ನನಗೆ ಎರೇಸ್ ಡಿಸ್ಕಿಗಿಂತ ಹೆಚ್ಚಿನ ಚಿಂತೆ. ಆಮೇಲೆ ಮೆಷಿನ್ನನ್ನು ಮತ್ತೆ ಶುರು ಮಾಡಿ, ಅದೇ ಪರದೆಗೆ ಬನ್ನಿ, ‘ವಿಬಾಕ್ಸ್ ಹಾರ್ಡ್‌ಡಿಸ್ಕ್’ ಎಂಬ ಹೆಸರನ್ನೂ 26.8ರ ಅಂಕಿಯನ್ನೂ ಕಣ್ಣಾರೆ ಓದಿಕೊಂಡು ಒತ್ತಿ.