ಕೃತಿಚೌರ್ಯ: ಇದು ಶೇಕಡಾ ಲೆಕ್ಕದ ಪದ ಅಲ್ಲ

"ಮೇಡಂ, ನಂದು ಬರೀ ಶೇ. 9 ಕೃತಿಚೌರ್ಯ. ಪಾಸ್ ಅಲ್ವಾ?" ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಹೀಗೆ ಕೇಳಿದಳು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪ್ರಬಂಧವನ್ನು ಬೇರೆ ಬರಹಗಳ ಜೊತೆ ತಾಳೆ ನೋಡುವ ಸಾಫ್ಟ್‌ವೇರ್ ತೋರಿಸಿದ ಶೇ. 9 ಹೋಲಿಕೆಯದ್ದು, ಚೌರ್ಯದ್ದಲ್ಲ. ಇನ್ನೊಬ್ಬರು ಬರೆದದ್ದನ್ನು ತನ್ನದೆಂದು ತೋರಿಸುವುದು ಕೃತಿಚೌರ್ಯ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ನಿಜ. ಹಾಗಂತ ಅಷ್ಟು ಕದಿಯಬಹುದು ಎಂದಲ್ಲ. ಸಾರಾಂಶ, ಫಲಿತಾಂಶ, ತೀರ್ಮಾನಗಳಲ್ಲಿ ಹೋಲಿಕೆಯೇ ಕೂಡದು ಎನ್ನುತ್ತದೆ ಅದೇ ನಿಯಮ. ಮೂಲ ಹೇಳಿ ಉದ್ಧರಿಸಿದ ಸಾಲನ್ನು ಲೆಕ್ಕದಿಂದಲೇ ಬಿಡುತ್ತದೆ.

ಇಂಗ್ಲಿಷ್ ಪುಸ್ತಕದ ಒಂದು ಅಧ್ಯಾಯವನ್ನು ಕನ್ನಡಕ್ಕೆ ತಂದು ಸುಮ್ನೆ ತನ್ನ ಹೆಸರು ಹಾಕಿಕೊಂಡರೆ ಹೋಲಿಕೆ ಸೊನ್ನೆ ಬರಬಹುದು. ಆದರೂ ಅದು ಕೃತಿಚೌರ್ಯವೇ. ಕನ್ನಡದಲ್ಲಿ ಇದೇ ಜಾಸ್ತಿ, ಇದನ್ನು ಕೇಳುವವರೇ ಕಡಿಮೆ.

ಪದವನ್ನೇ ನೋಡಿ. ಚೋರ ಮಾಡುವ ಕೆಲಸ ಚೌರ್ಯ. ಇಂಗ್ಲಿಷಿನ 'ಪ್ಲೇಜರಿಸಂ' ಲ್ಯಾಟಿನ್ನಿನ 'ಪ್ಲಾಜಿಯಾರಿಯಸ್' ಎಂಬ ಪದದಿಂದ ಬಂತು. ಅದರ ಅರ್ಥ ಮನುಷ್ಯರನ್ನು ಅಪಹರಿಸುವವನು. ರೋಮಿನ ಕವಿ ಮಾರ್ಷಲ್ 1ನೇ ಶತಮಾನದಲ್ಲಿ ತನ್ನ ಪದ್ಯಗಳನ್ನು ಸ್ವಂತದ್ದೆಂದು ಓದುತ್ತಿದ್ದ ಇನ್ನೊಬ್ಬನನ್ನು ಹೀಗೆ ಕರೆದ. ನಮ್ಮಲ್ಲಿ 7ನೇ ಶತಮಾನದ ಸಂಸ್ಕೃತ ಕವಿ ಬಾಣಭಟ್ಟ 'ಹರ್ಷಚರಿತ'ದ ಆರಂಭದಲ್ಲೇ ಕವಿಚೋರನ ಮಾತೆತ್ತುತ್ತಾನೆ. ವರ್ಣ ಬದಲಿಸಿ, ಬಂಧದ ಗುರುತು ಮುಚ್ಚಿಟ್ಟರೂ ಅವನು ಯಾರೂ ಹೇಳದೆಯೇ ಬಲ್ಲವರ ನಡುವೆ ಸಿಕ್ಕಿಬೀಳುತ್ತಾನಂತೆ. ವರ್ಣ ಅಂದರೆ ಬಣ್ಣವೂ ಹೌದು, ಅಕ್ಷರವೂ ಹೌದು. ಬಂಧ ಅಂದರೆ ಕಳ್ಳನಿಗೆ ಹಾಕಿದ ಸಂಕೋಲೆಯೂ ಹೌದು, ಪದ್ಯದ ಕಟ್ಟೂ ಹೌದು. ಒಂದೇ ಶ್ಲೋಕದಲ್ಲಿ ಎರಡೂ ಬಗೆಯ ಕಳ್ಳರನ್ನು ಹಿಡಿದಿದ್ದಾನೆ!

ಅಕ್ಷರ ಬದಲಿಸುವ ಕೆಲಸ ಇಂದಿಗೂ ನಿಂತಿಲ್ಲ. ಆ ವಿದ್ಯಾರ್ಥಿನಿಯ ಎರಡನೇ ಅಧ್ಯಾಯದಲ್ಲಿ ಒಂದು ಸಾಲಿತ್ತು: "ಮೈದಾನ ಪ್ರದೇಶದ ಜಲಾಶಯಗಳು ಹೂಳಿನಿಂದ ಭರ್ತಿಯಾಗಿ ಕ್ಷೀಣಿಸಿವೆ." ಓದಿದ ಕೂಡಲೇ ಏನೋ ತಪ್ಪಿದೆ ಅನಿಸಿತು. ಮೂಲ ಹುಡುಕಿದೆ: "ಬಯಲುಸೀಮೆಯ ಕೆರೆಗಳು ಹೂಳು ತುಂಬಿ ಸೊರಗಿವೆ." ಪದಕ್ಕೆ ಪದ ಬದಲಾಗಿದೆ, ಕಟ್ಟು ಹಾಗೇ ಇದೆ. ಹೋಲಿಕೆ ತಪ್ಪಿಸಲು ಹೋಗಿ ಅರ್ಥವೂ ಕೆಟ್ಟಿದೆ. ಕೆರೆಯನ್ನು ಜಲಾಶಯ ಅಂದರೆ ಓದುವವರ ಕಣ್ಣಿಗೆ ಕೆಆರ್‌ಎಸ್ ಬರುತ್ತದೆ, ಊರ ಮುಂದಿನ ಕೆರೆಯಲ್ಲ.

ಕೃತಿಸ್ವಾಮ್ಯದ (ಕಾಪಿರೈಟ್) ಜೊತೆಗೂ ಇದನ್ನು ಕಲಸಬೇಡಿ. 10ನೇ ಶತಮಾನದ ಪಂಪನ ಪದ್ಯಕ್ಕೆ ಈಗ ಕೃತಿಸ್ವಾಮ್ಯವಿಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ನಾನೇ ಬರೆದೆ ಅಂದರೆ ಮಾತ್ರ ಚೌರ್ಯ.

ಅವಳಿಗೆ ಹೇಳಿದ್ದು ಇಷ್ಟೇ: ಪುಸ್ತಕ ಮುಚ್ಚಿ, ತಿಳಿದದ್ದನ್ನು ನಿನ್ನ ಮಾತಲ್ಲಿ ಬರೆ, ಆಮೇಲೆ ಪುಟ ಸಂಖ್ಯೆ ಹಾಕು. ಮರುವಾರ ತಿದ್ದಿ ತಂದಳು. ಮೂಲದ ಸಾಲು ಉದ್ಧರಣ ಚಿಹ್ನೆಯೊಳಗೆ ಇತ್ತು, ಪಕ್ಕದಲ್ಲಿ ಲೇಖಕರ ಹೆಸರು, ಪುಟ. ಕೆಳಗೆ ತನ್ನೂರಿನ ಕೆರೆಯ ತೂಬು ಎಷ್ಟು ಹೂತಿದೆ ಎಂದು ತಾನೇ ಅಳೆದು ಬರೆದಿದ್ದಳು.