ಅಮೆರಿಕಾಕ್ಕೆ ಹೋಗುವ ವಿಮಾನ ಸೈಬೀರಿಯಾ ಕಡೆಗೆ ಯಾಕೆ ತಿರುಗುತ್ತದೆ?

ಪ್ರಶ್ನೆ: ಮಗ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನೇರ ವಿಮಾನ ಹತ್ತಿದ. ಮೊಬೈಲಿನಲ್ಲಿ ನೋಡ್ತಾ ಕೂತಿದ್ದೆ. ಪೂರ್ವಕ್ಕೆ ಹೋಗೋದು ಬಿಟ್ಟು ಉತ್ತರಕ್ಕೆ, ಸೈಬೀರಿಯಾ ಕಡೆ ಹೋಯಿತು. ಸುತ್ತು ದಾರಿ ಅಲ್ವಾ ಇದು? ನಿಜವಾದ ದೂರ ಎಷ್ಟು?
– ಓದುಗರು, ಜಯನಗರ

ಉತ್ತರ: ಸುತ್ತು ಅಲ್ಲ ಮೇಡಂ, ಅದೇ ಒಳದಾರಿ. ದೇವನಹಳ್ಳಿಯಿಂದ ಸ್ಯಾನ್‌ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಅತಿ ಹತ್ತಿರದ ದೂರ ಸುಮಾರು 14,000 ಕಿ.ಮೀ.

ನಮ್ಮನ್ನು ದಾರಿ ತಪ್ಪಿಸುವುದು ಗೋಡೆಯ ಮೇಲಿನ ಮ್ಯಾಪು. ಭೂಮಧ್ಯರೇಖೆಯ ಉದ್ದಕ್ಕೂ ಭೂಮಿಗೆ ಒಂದು ಸುತ್ತು ಬಂದರೆ ಸುಮಾರು 40,000 ಕಿ.ಮೀ. 60 ಡಿಗ್ರಿ ಉತ್ತರದಲ್ಲಿ ಅದೇ ಸುತ್ತು ಬರೀ 20,000. ಮ್ಯಾಪಿನಲ್ಲಿ ಮಾತ್ರ ಎರಡೂ ಒಂದೇ ಉದ್ದದ ಗೆರೆ! ಹಾಗಾಗಿ ಉತ್ತರದ ದಾರಿ ಇರುವುದಕ್ಕಿಂತ ಉದ್ದ ಕಾಣುತ್ತದೆ.

ನಂಬಿಕೆ ಬರದಿದ್ದರೆ ದಾರ ಹಿಡಿದು ನೋಡಿ. ನಮ್ಮ ಮನೆಯ ಗ್ಲೋಬ್ 30 ಸೆಂ.ಮೀ. ಅಡ್ಡಗಲದ್ದು. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದು ತುದಿಯನ್ನು ಸ್ಯಾನ್‌ಫ್ರಾನ್ಸಿಸ್ಕೊ ಮೇಲೆ ಬಿಗಿಯಾಗಿ ಎಳೆದೆ. ಮೊದಲು ಪೆಸಿಫಿಕ್ ಮೇಲೇ ಇಟ್ಟಿದ್ದೆ. ಎಳೆದ ಹಾಗೆಲ್ಲ ದಾರ ತಾನೇ ಮೇಲಕ್ಕೆ ಜಾರಿತು. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಅಂಚು, ಸೈಬೀರಿಯಾ, ಆಮೇಲೆ ಅಲಾಸ್ಕಾ. ಅಳೆದರೆ 33 ಸೆಂ.ಮೀ. ಈ ಗ್ಲೋಬಿನಲ್ಲಿ ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ಗುಣಿಸಿ ನೋಡಿ. ಮ್ಯಾಪಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಜಪಾನಿನ ಕೆಳಗಿಂದ ಪೆಸಿಫಿಕ್ ದಾಟಿದರೆ 16,000ಕ್ಕೂ ಜಾಸ್ತಿ ಆಗುತ್ತದೆ.

ಹಾಗಂತ ಪೈಲಟ್‌ಗಳು ದಾರದ ಮೇಲೇ ಹೋಗುವುದಿಲ್ಲ. ಟಿಬೆಟ್ಟನ್ನೇ ತೆಗೆದುಕೊಳ್ಳಿ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕುಸಿದರೆ ವಿಮಾನ ಬೇಗ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಸರಾಸರಿ 14,000 ಅಡಿಗಿಂತ ಮೇಲಿದೆ! ಇನ್ನು ಯಾವ ದೇಶದ ಆಕಾಶ ತೆರೆದಿದೆ, ತೊಂದರೆಯಾದರೆ ಇಳಿಯಲು ಎಲ್ಲಿ ಜಾಗವಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 2023ರ ಜೂನ್‌ನಲ್ಲಿ ದಿಲ್ಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ಇಳಿದದ್ದು ರಷ್ಯಾದ ಮಗದಾನ್ ಎಂಬ ಊರಿನಲ್ಲಿ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಗಾಳಿಯದು. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತದೆ. ಅದು ಬೆನ್ನಿಗಿದ್ದರೆ ಲಾಭ, ಎದುರಿಗಿದ್ದರೆ ಸುತ್ತಿ ಹೋಗುವುದೇ ವಾಸಿ. 2021ರ ಜನವರಿಯಲ್ಲಿ ಬರೀ ಮಹಿಳಾ ಪೈಲಟ್‌ಗಳೇ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದರಲ್ಲ, ಅವರು ಬಂದದ್ದು ಉತ್ತರ ಧ್ರುವದ ಮೇಲಿಂದ. ನಿಮ್ಮ ಮಗ ವಾಪಸ್ ಬರುವ ದಿನ ಮೊಬೈಲಿನಲ್ಲಿ ಗೆರೆ ಬೇರೆಯೇ ಕಂಡರೆ, ಒಂದು ಗಂಟೆ ಜಾಸ್ತಿ ತೋರಿಸಿದರೆ, ಗಾಬರಿ ಬೇಡ.